ಬೆಸ ತಾರೀಖಿಗೆ ಜನರಲ್, ಸಮ ತಾರೀಖಿಗೆ ಕರ್ನಲ್

ನೀವೇ ಹೇಳಿ, ಒಬ್ಬ ಮನುಷ್ಯನ್ನ ಊಟಕ್ಕೆ ಎಲ್ಲಿ ಕೂರಿಸೋದು ಅನ್ನೋದು ಅಷ್ಟು ದೊಡ್ಡ ಪ್ರಶ್ನೆನಾ? ಕೆದ್ರೋವ್ಸ್ಕ್ ಊರಿನ ನಮ್ಮ ಸೈನಿಕ ಶಾಲೆಯ ಇಡೀ ಚಳಿಗಾಲವನ್ನ ಆ ಪ್ರಶ್ನೆ ತಿಂದು ಹಾಕ್ತು. ಅತ್ತ ವೋಲ್ಗಾ ದಡದಲ್ಲಿ ಅಷ್ಟು ದೊಡ್ಡ ಯುದ್ಧ ನಡೆದು, ಗೆದ್ದೂ ಆಯ್ತು. ಇತ್ತ ಅರ್ಸೇನಿ ಪ್ರೋಖೊರಿಚ್ ಲಾಪ್ತೆವ್ ಅವರ ಸೂಪಿನ ಬಟ್ಟಲು ಯಾವ ಮೇಜಿನ ಮೇಲೆ ಇಡ್ಬೇಕು ಅನ್ನೋದು ಮಾತ್ರ ಇತ್ಯರ್ಥ ಆಗ್ಲಿಲ್ಲ.

ನಾನು ಝೀನಾ, ಶಾಲೆಯ ಕಚೇರಿಯಲ್ಲಿ ಟೈಪಿಸ್ಟು. ಅರ್ಸೇನಿ ಪ್ರೋಖೊರಿಚ್ ಮೇಷ್ಟ್ರು. ಭೂಪಟ ಓದೋದು ಹೇಗೆ ಅಂತ ಹುಡುಗರಿಗೆ ಕಲಿಸ್ತಾರೆ. ಪಾಠ ಬಹಳ ಚೆನ್ನಾಗಿ ಮಾಡ್ತಾರೆ. ಆದ್ರೆ ಪಾಠ ಮುಗಿಸಿ ಮನೆಗೆ ಹೊರಟ್ರೆ ಮೀನು ಮಾರ್ಕೆಟ್ಟಿಗೆ ಹೋಗಿ ನಿಂತಿರ್ತಾರೆ. ನಾವಿಬ್ರೂ ಒಂದೇ ವಠಾರದಂಥ ಮನೆಯಲ್ಲಿ ಇದ್ವಿ. ಒಂದು ಅಡುಗೆಮನೆ, ಐದು ಸಂಸಾರ, ಕೊನೇ ಕೋಣೆಯಲ್ಲಿ ಇವರು ಒಬ್ಬರೇ. ಹಾಗಾಗಿ ದಾರಿ ತಪ್ಪಿದವರನ್ನ ಹುಡುಕ್ಕೊಂಡು ಬರೋ ಕೆಲಸವೂ ನಂದೇ.

ಅವರ ಪದವಿ ಕೊಂಬ್ರಿಗ್. ಅಂದ್ರೆ ಬ್ರಿಗೇಡಿನ ಯಜಮಾನ. ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಕ್ರಾಂತಿ ಆದಾಗ ನಮ್ಮವರು ಝಾರನ ಕಾಲದ ಭುಜಪಟ್ಟಿಗಳನ್ನೆಲ್ಲ ಕಿತ್ತು ಬಿಸಾಕಿದ್ರು. ಜನರಲ್ ಅನ್ನೋ ಮಾತೇ ಬೈಗುಳ ಆಯ್ತು. ಎಲ್ಲರೂ ಬರೀ ಕಮಾಂಡರ್. ಆಮೇಲೆ ಮೂವತ್ತೈದರಲ್ಲಿ ಯಾರಿಗೋ ಅನ್ನಿಸ್ತು, ಪದವಿ ಇಲ್ದೆ ಸೇನೆ ನಡೆಯಲ್ಲ ಅಂತ. ಕರ್ನಲ್ ಬಂದ, ಕರ್ನಲ್‌ಗಿಂತ ಒಂದು ಮೆಟ್ಟಲು ಮೇಲೆ ಕೊಂಬ್ರಿಗ್ ಬಂದ. ಕಾಲರ್ ಮೇಲೆ ಇಸ್ಪೀಟಿನ ಡೈಮಂಡ್ ಥರದ ಒಂದು ಕೆಂಪು ಬಿಲ್ಲೆ. ನಲವತ್ತನೇ ಇಸವಿಯಲ್ಲಿ ಮತ್ತೆ ಯಾರಿಗೋ ಅನ್ನಿಸ್ತು, ಜನರಲ್ ಅನ್ನೋದು ಅಂಥ ಕೆಟ್ಟ ಮಾತೇನಲ್ಲ ಅಂತ. ಕೊಂಬ್ರಿಗ್ ಪದವಿ ರದ್ದು. ಇದ್ದ ಕೊಂಬ್ರಿಗ್‌ಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ, ನೋಡಿ, ಕೆಲವರನ್ನ ಮೇಲಕ್ಕೆ ಹತ್ತಿಸಿ ಜನರಲ್ ಮಾಡಿದ್ರು, ಉಳಿದವರನ್ನ ಇಳಿಸಿ ಕರ್ನಲ್ ಮಾಡಿದ್ರು.

ನಮ್ಮ ಅರ್ಸೇನಿ ಪ್ರೋಖೊರಿಚ್ ಆಗ ಎಲ್ಲಿದ್ರು? ಉತ್ತರದ ಹಿಮಬಯಲಲ್ಲಿ ಹಿಮಸಾರಂಗದ ಗಾಡಿ ಮೇಲೆ ಕೂತು ಯಾವುದೋ ನದಿಯ ನಕ್ಷೆ ಬರೀತಾ ಇದ್ರು. ಹೋಗುವಾಗ ಕೊಂಬ್ರಿಗ್ ಆಗಿ ಹೋದ್ರು, ಬರೋಷ್ಟರಲ್ಲಿ ಆ ಪದವಿಯೇ ಇರ್ಲಿಲ್ಲ. ಬಚ್ಚಲಿಗೆ ಹೋಗಿ ಬರೋದ್ರೊಳಗೆ ಮನೇನೇ ಮಾರಿಬಿಟ್ಟ ಹಾಗೆ! ಆಮೇಲೆ ಯುದ್ಧ ಶುರುವಾಯ್ತು. ಇವರನ್ನ ಕರೆಸಿ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಇವರು ಅದೇ ಹಳೇ ಕೋಟು, ಅದೇ ಕೆಂಪು ಬಿಲ್ಲೆ ಹಾಕ್ಕೊಂಡು ಓಡಾಡ್ತಾ ಇದ್ರು.

ಈಗ ಊಟದ ವಿಷಯಕ್ಕೆ ಬರ್ತೀನಿ. ನಮ್ಮ ಶಾಲೆಯ ಊಟದ ಮನೆಗೆ ಮೂರು ಬಾಗಿಲು. ಒಂದು ಜನರಲ್‌ಗಳದ್ದು. ಅಲ್ಲಿ ಒಂದೇ ಮೇಜು. ನಮ್ಮ ಶಾಲೆಯ ಮುಖ್ಯಸ್ಥರು, ಮೇಜರ್ ಜನರಲ್ ಝಸಿಪ್ಕಿನ್, ಒಬ್ಬರೇ ಕೂತು ಗೋಡೆ ನೋಡ್ತಾ ತಿಂತಾರೆ. ಇನ್ನೊಂದು ಕರ್ನಲ್, ಮೇಜರ್‌ಗಳದ್ದು. ಮೂರನೇದು ಕಿರಿಯರದ್ದು.

ಶಾಲೆಗೆ ಬಂದ ಮೊದಲ ದಿನ ಅರ್ಸೇನಿ ಪ್ರೋಖೊರಿಚ್ ಜನರಲ್ ಬಾಗಿಲಿಗೆ ಹೋದ್ರು. ಕಾವಲಿನ ಸಿಪಾಯಿ ಅಡ್ಡ ನಿಂತ.

“ಜನರಲ್‌ಗಳಿಗೆ ಮಾತ್ರ, ಕಾಮ್ರೇಡ್... ಕಾಮ್ರೇಡ್...” ಅಂತ ಕಾಲರ್ ನೋಡಿದ. ಅವನಿಗೆ ಇಪ್ಪತ್ತು ವರ್ಷ ಇರ್ಬೇಕು, ಅಂಥ ಬಿಲ್ಲೆ ಅವನು ಕಂಡೇ ಇರ್ಲಿಲ್ಲ. “ಕಾಮ್ರೇಡ್ ಅಜ್ಜ, ಆ ಕಡೆ ಹೋಗಿ.”

ಅಜ್ಜ! ಐವತ್ತು ದಾಟಿರ್ಲಿಲ್ಲ ಅವರಿಗೆ. ಆದ್ರೂ ‘ಕ್ಷಮಿಸಿ’ ಅಂತ ಅವರೇ ಹೇಳಿ ಕರ್ನಲ್‌ಗಳ ಬಾಗಿಲಿಗೆ ಹೋದ್ರು. ಒಳಗೆ ಕಾಲಿಟ್ಟಿದ್ದೇ ತಡ, ಕರ್ನಲ್‌ಗಳೆಲ್ಲ ದಡಬಡ ಎದ್ದು ನಿಂತ್ರು. ಯಾಕೆ? ಕೊಂಬ್ರಿಗ್ ಇದ್ದಿದ್ದು ಕರ್ನಲ್‌ಗಿಂತ ಮೇಲೆ. ಮೇಲಿನವರು ಬಂದ್ರೆ ಎದ್ದು ನಿಲ್ಬೇಕು, ಅವರು ‘ಕೂತ್ಕೊಳ್ಳಿ’ ಅಂದ್ಮೇಲೇ ಕೂರ್ಬೇಕು. ಅದು ಸೇನೆಯ ಶಾಸ್ತ್ರ. ಅರ್ಸೇನಿ ಪ್ರೋಖೊರಿಚ್‌ಗೆ ‘ಕೂತ್ಕೊಳ್ಳಿ’ ಅನ್ನೋದು ನೆನಪೇ ಆಗಲ್ಲ! ಅವರ ತಲೆಯಲ್ಲಿ ನದಿ ಹರೀತಾ ಇರುತ್ತೆ. ಒಂದು ಮೂಲೆಗೆ ಹೋಗಿ ಕೂತು, ಬ್ರೆಡ್ಡು ಮುರಿದು, ಎಲೆಕೋಸಿನ ಸೂಪು ಕುಡಿಯೋಕೆ ಶುರು ಮಾಡಿದ್ರು. ಸುತ್ತ ಕರ್ನಲ್‌ಗಳು ಚಮಚ ಹಿಡ್ಕೊಂಡು ಕಂಬದ ಥರ ನಿಂತಿದ್ರು. ಸೂಪು ಆರ್ತು. ಮೇಲೆ ಕೊಬ್ಬು ಕೆನೆಗಟ್ಟಿತು. ಊಟ ಮುಗಿಸಿ ಬಾಯಿ ಒರೆಸ್ಕೊಂಡು ತಲೆ ಎತ್ತಿ ನೋಡಿದ್ರು.

“ಯಾಕೆ ಎಲ್ಲಾ ನಿಂತಿದ್ದೀರಿ? ಯಾರಾದ್ರೂ ತೀರ್ಕೊಂಡ್ರಾ?”

ಉಗ್ರಾಣದ ಮುಖ್ಯಸ್ಥ ಕರ್ನಲ್ ಪೆರೆಪಿಚ್ಕಾ ಹಲ್ಲು ಕಡೀತಾ ಅಂದ್ರು: “ಇಲ್ಲ. ಆದ್ರೆ ಹೀಗೇ ಆದ್ರೆ ತೀರ್ಕೋತೀವಿ.”

ವಾರ ಪೂರ್ತಿ ಇದೇ ಕಥೆ. ಕರ್ನಲ್‌ಗಳು ತೆಳ್ಳಗಾದ್ರು. ಕೊನೆಗೆ ಅಡುಗೆಯ ಪೆಲಾಗೇಯಾ ಯೆಗೊರೊವ್ನಾ ಸೌಟು ಹಿಡ್ಕೊಂಡು ಹೊರಗೆ ಬಂದು, “ನನ್ನ ಸೂಪು ಆರೋದನ್ನ ನಾನು ನೋಡಲಾರೆ. ನೀವು ನನ್ನ ಜೊತೆ ಬನ್ನಿ,” ಅಂತ ತೋಳು ಹಿಡಿದು ಅವರನ್ನ ಒಳಗೆ ಕರ್ಕೊಂಡು ಹೋದ್ರು. ಅವತ್ತಿಂದ ದೊಡ್ಡ ಕಡಾಯಿ ಪಕ್ಕದ ಸ್ಟೂಲೇ ಅವರ ಜಾಗ.

ಪೆಲಾಗೇಯಾ ಯೆಗೊರೊವ್ನಾ ವಿಧವೆ. ತೋಳು ದಪ್ಪ, ದನಿ ಇನ್ನೂ ದಪ್ಪ, ಮನಸ್ಸು ಬೆಣ್ಣೆ. ಮೇಷ್ಟ್ರು ಆಕೆಗೆ ನದಿಗಳ ಕಥೆ ಹೇಳೋರು, ಆಕೆ ಇವರಿಗೆ ಕಡಾಯಿ ತಳದ ಮಾಂಸದ ತುಂಡು ಹುಡುಕಿ ಹಾಕೋರು. ಹೀಗೆ ನೋಡನೋಡ್ತಾ, ಉಪ್ಪು ಸೌತೆಕಾಯಿ ಹೆಚ್ತಾ ಹೆಚ್ತಾ, ಇವರಿಗೆ ಪ್ರೇಮ ಆಗೋಯ್ತು. ದಾರಿ ತಪ್ಪೋ ಮನುಷ್ಯ, ಅಡುಗೆಮನೆಗೆ ಮಾತ್ರ ಒಂದು ದಿನಾನೂ ದಾರಿ ತಪ್ಪಲಿಲ್ಲ ನೋಡಿ!

ಅಷ್ಟರಲ್ಲಿ ನಲವತ್ತಮೂರರ ಫೆಬ್ರವರಿ ಬಂತು, ಭುಜಪಟ್ಟಿಗಳು ಬಂದ್ವು. ಹೌದು, ಕಿತ್ತು ಬಿಸಾಕಿದ್ದೆವಲ್ಲ, ಅವೇ! ಚಿನ್ನದ ಬಣ್ಣದ ಪಟ್ಟಿ, ಮೇಲೆ ನಕ್ಷತ್ರ. ನಮ್ಮ ಮನೆಯ ಅಗಾಫ್ಯಾ ಅಜ್ಜಿ ಬೀದಿಯಲ್ಲಿ ಮೊದಲ ಸಲ ಅದನ್ನ ಕಂಡು, “ಝಾರನ ಕಡೆಯ ಬಿಳಿ ಸೇನೆಯವರು ವಾಪಸ್ ಬಂದ್ರು, ಆಲೂಗಡ್ಡೆ ಬಚ್ಚಿಡ್ರೇ!” ಅಂತ ಕೂಗ್ತಾ ನೆಲಮಾಳಿಗೆಗೆ ಇಳಿದೋರು ಸಂಜೆ ತನಕ ಮೇಲೆ ಬರ್ಲಿಲ್ಲ.

ಎಲ್ಲರಿಗೂ ಪಟ್ಟಿ ಹಂಚಿದ್ರು. ಅರ್ಸೇನಿ ಪ್ರೋಖೊರಿಚ್‌ಗೆ? ಕೊಂಬ್ರಿಗ್ ಪಟ್ಟಿ ಅನ್ನೋದು ಲೋಕದಲ್ಲೇ ಇಲ್ಲ. ಕೊಡೋದು ಎಲ್ಲಿಂದ? ಪಟ್ಟಿ ಇಲ್ದೆ ಬೀದಿಗೆ ಬಂದ್ರೆ ಗಸ್ತಿನವರು ಹಿಡೀತಾರೆ. ಒಂದೇ ವಾರದಲ್ಲಿ ಮೂರು ಸಲ ಹಿಡಿದ್ರು. ಮೂರು ಸಲವೂ ನಾನೇ ಹೋಗಿ, “ಇವರು ನಮ್ಮವರೇ, ಸ್ವಲ್ಪ ಹಳಬರು,” ಅಂತ ಬಿಡಿಸ್ಕೊಂಡು ಬಂದೆ.

ಮೂರನೇ ಸಲ ಆದ್ಮೇಲೆ ಜನರಲ್ ಝಸಿಪ್ಕಿನ್ ತಲೆ ಚಚ್ಕೊಂಡ್ರು.

“ಝೀನಾ, ಟೈಪ್ ಮಾಡಮ್ಮ. ಈ ಮನುಷ್ಯ ಜನರಲ್ ಆಗ್ಬಹುದು, ಇಲ್ಲಾ ಕರ್ನಲ್ ಆಗ್ಬಹುದು. ನಾನು ಜನರಲ್ ಪಟ್ಟಿ ಕೊಟ್ಟು ಮೇಲಿನವರು ಕರ್ನಲ್ ಅಂದ್ರೆ ನನ್ನ ತಲೆ ಹೋಗುತ್ತೆ. ಕರ್ನಲ್ ಪಟ್ಟಿ ಕೊಟ್ಟು ಅವರು ಜನರಲ್ ಅಂದ್ರೂ ನನ್ನ ತಲೆನೇ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಹಾಗಾಗಿ ಮಾಸ್ಕೋದಿಂದ ಉತ್ತರ ಬರೋ ತನಕ ಬೆಸ ತಾರೀಖಿಗೆ ಜನರಲ್, ಸಮ ತಾರೀಖಿಗೆ ಕರ್ನಲ್.”

ನಾನು ಬೆರಳು ನಿಲ್ಲಿಸಿದೆ. “ಕಾಮ್ರೇಡ್ ಜನರಲ್, ಇದು...”

“ನ್ಯಾಯ! ಸರಾಸರಿ ತೆಗೆದ್ರೆ ಸರಿಯಾಗಿ ಕೊಂಬ್ರಿಗ್ ಬರುತ್ತೆ. ಟೈಪ್ ಮಾಡು.”

ಮಾಡಿದೆ. ಎರಡು ಜೊತೆ ಪಟ್ಟಿ ಕೊಡೋವಾಗ ಪೆರೆಪಿಚ್ಕಾ ಮುಖ ನೋಡ್ಬೇಕಿತ್ತು, ತನ್ನ ಸ್ವಂತ ಹಲ್ಲು ಕಿತ್ತು ಕೊಡ್ತಿರೋ ಹಾಗಿತ್ತು.

ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಗ್ರಹಚಾರ. ಗುಂಡಿ ಬಿಚ್ಚಿದ್ರೆ ಪಟ್ಟಿ ಬರುತ್ತೆ, ಹಾಕಿದ್ರೆ ಕೂರುತ್ತೆ, ಅದು ಸುಲಭ. ಆದ್ರೆ ಇವತ್ತು ಎಷ್ಟನೇ ತಾರೀಖು ಅನ್ನೋದು ಅರ್ಸೇನಿ ಪ್ರೋಖೊರಿಚ್‌ಗೆ ಗೊತ್ತಿದ್ರೆ ತಾನೇ? ದಿನಾ ಬೆಳಗ್ಗೆ ನನ್ನ ಬಾಗಿಲು ತಟ್ಟೋರು: “ಝೀನಾ, ನಾನು ಇವತ್ತು ಯಾರು?”

ಅವರದ್ದು ಮೃದು ಸ್ವಭಾವ. ಜನರಲ್ ದಿನ ಯಾವ ಹುಡುಗ ಬಂದು ರಜೆ ಕೇಳಿದ್ರೂ “ಹೋಗ್ಬಾಪ್ಪಾ” ಅಂತ ಸಹಿ ಹಾಕೋರು. ಮಾರನೇ ದಿನ ಝಸಿಪ್ಕಿನ್ ಗುಡುಗೋರು: “ನಿನ್ನೆ ಜನರಲ್ ಆಗಿ ಕೊಟ್ಟ ರಜೆ ಇವತ್ತು ಕರ್ನಲ್ ಆಗಿ ರದ್ದು ಮಾಡಿ!” ಇವರು ಬಹಳ ವಿನಯದಿಂದ, “ಕಾಮ್ರೇಡ್ ಜನರಲ್, ಕರ್ನಲ್ ಆದವನು ಜನರಲ್ ಸಹಿಯನ್ನ ರದ್ದು ಮಾಡೋ ಹಾಗಿಲ್ಲ. ನಾಳೆ ತನಕ ಕಾಯ್ಬೇಕು,” ಅನ್ನೋರು. ಹುಡುಗರು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ, ಬೆಸ ತಾರೀಖಿಗೆ ಸಾಲಾಗಿ ಹೊಟ್ಟೆನೋವು ಬರಿಸ್ಕೊಳ್ಳೋಕೆ ಶುರು ಮಾಡಿದ್ರು.

ಅಗಾಫ್ಯಾ ಅಜ್ಜಿಯದ್ದು ಬೇರೆಯೇ ಲೆಕ್ಕ. ಕರ್ನಲ್ ಪಟ್ಟಿಯಲ್ಲಿ ಮೂರು ನಕ್ಷತ್ರ, ಮೇಜರ್ ಜನರಲ್ ಪಟ್ಟಿಯಲ್ಲಿ ಒಂದೇ. ಅಜ್ಜಿ ಬೆರಳು ಮಡಚಿ ಎಣಿಸಿದ್ರು.

“ಅಯ್ಯೋ ಪಾಪ, ನಿನ್ನೆ ಮೂರಿತ್ತು, ಇವತ್ತು ಒಂದಕ್ಕೆ ಇಳಿಸಿದ್ದಾರೆ! ಏನು ತಪ್ಪು ಮಾಡಿದ್ಯಪ್ಪಾ? ತಗೋ, ಬೆಂದ ಆಲೂಗಡ್ಡೆ ತಿನ್ನು.”

ಮಾರನೇ ದಿನ ಮತ್ತೆ ಮೂರು ಕಂಡ್ರೆ: “ನೋಡ್ದ್ಯಾ, ಕ್ಷಮಿಸಿಬಿಟ್ರು! ಇವತ್ತು ಆಲೂಗಡ್ಡೆ ಇಲ್ಲ, ನೀನು ಅನುಕೂಲಸ್ಥ.”

ಒಂದು ದಿನ ಬೆಳಗ್ಗೆ ಕತ್ತಲಲ್ಲಿ ಹಾಕ್ಕೊಂಡು ಎಡವಟ್ಟು ಮಾಡಿದ್ರು. ಎಡ ಭುಜಕ್ಕೆ ಜನರಲ್, ಬಲ ಭುಜಕ್ಕೆ ಕರ್ನಲ್. ಸೇತುವೆ ಮೇಲೆ ಎಡಗಡೆಯಿಂದ ಒಬ್ಬ ಕರ್ನಲ್ ಬಂದು ಪಟ್ಟಂತ ಸೆಲ್ಯೂಟ್ ಹೊಡೆದ್ರು. ಬಲಗಡೆಯಿಂದ ಹೊರ ಊರಿನ ಒಬ್ಬ ಜನರಲ್ ಬಂದು, “ಏನ್ರೀ ಕರ್ನಲ್, ಸೆಲ್ಯೂಟ್ ಹೊಡೆಯೋಕೆ ಕೈ ನೋವಾ?” ಅಂತ ಗದರಿದ್ರು. ಆ ಕರ್ನಲ್ ಈ ಜನರಲ್ ಮುಖ ನೋಡಿದ್ರು, ಈ ಜನರಲ್ ಆ ಕರ್ನಲ್ ಮುಖ ನೋಡಿದ್ರು. ಮಧ್ಯದಲ್ಲಿ ನಿಂತಿದ್ದ ಅರ್ಸೇನಿ ಪ್ರೋಖೊರಿಚ್, “ಇಬ್ರೂ ಜಗಳ ಆಡ್ಬೇಡಿ, ಮೀನು ಮಾರ್ಕೆಟ್ಟು ಈ ಕಡೆ ತಾನೇ?” ಅಂದ್ರಂತೆ. ನಾಲ್ಕನೇ ಸಲ ಬಿಡಿಸ್ಕೊಂಡು ಬಂದೆ.

ಇಷ್ಟೆಲ್ಲಾ ಆದ್ರೂ ಅವರು ಬೇಸರ ಮಾಡ್ಕೊಳ್ಳದೆ, ಮಾರ್ಚ್ ಮುಗಿಯೋ ಹೊತ್ತಿಗೆ ಧೈರ್ಯ ಮಾಡಿ ಅಡುಗೆಮನೆಯಲ್ಲಿ ಕೇಳೇಬಿಟ್ರು. ನಾನು ಅಲ್ಲೇ ಟೀ ಕುಡೀತಾ ಇದ್ದೆ. ಎದ್ದು ಹೋಗ್ಬೇಕಿತ್ತು, ಹೋಗ್ಲಿಲ್ಲ.

“ಪೆಲಾಗೇಯಾ ಯೆಗೊರೊವ್ನಾ, ನೀವು ನನ್ನನ್ನ ಮದುವೆ ಆಗ್ತೀರಾ?”

ಆಕೆ ಸೌಟು ಕೆಳಗಿಟ್ಟು ಕೈ ಒರೆಸ್ಕೊಂಡ್ರು. “ಯಾರನ್ನ? ಜನರಲ್ನನ್ನಾ, ಕರ್ನಲ್ನನ್ನಾ?”

“ಅದು... ತಾರೀಖು ನೋಡಿ ಹೇಳ್ಬೇಕು.”

“ಕೇಳಿ ಅರ್ಸೇನಿ ಪ್ರೋಖೊರಿಚ್. ನನಗೆ ದೊಡ್ಡ ಪದವಿ ಬೇಡ. ನೀವು ಸಿಪಾಯಿ ಆಗಿದ್ರೂ ಸರಿ. ಆದ್ರೆ ನನ್ನ ಮೊದಲ ಗಂಡ, ದೇವರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ, ಹನ್ನೊಂದು ವರ್ಷ ತಾತ್ಕಾಲಿಕ ಗುಮಾಸ್ತ ಆಗಿದ್ದ. ಇವತ್ತು ಖಾಯಂ ಆಗುತ್ತೆ, ನಾಳೆ ಖಾಯಂ ಆಗುತ್ತೆ ಅಂತ ಹೊಸ ಪರದೆ ಕೂಡ ಹೊಲಿಸೋಕೆ ಬಿಡ್ಲಿಲ್ಲ. ತಾತ್ಕಾಲಿಕವಾಗಿ ಬದುಕಿ ತಾತ್ಕಾಲಿಕವಾಗಿಯೇ ಸತ್ತ. ಇನ್ನೊಬ್ಬ ತಾತ್ಕಾಲಿಕನ್ನ ನಾನು ಕಟ್ಕೊಳ್ಳಲ್ಲ. ಕರ್ನಲ್ ಪೆರೆಪಿಚ್ಕಾ ಕೂಡ ಕೇಳಿದ್ದಾರೆ. ಆ ಮನುಷ್ಯನ್ನ ಕಂಡ್ರೆ ನನಗಾಗಲ್ಲ, ಆದ್ರೆ ಬೆಳಗ್ಗೆ ಎದ್ರೆ ಕರ್ನಲ್, ಮಲಗಿದ್ರೂ ಕರ್ನಲ್. ಮೇ ಒಂದಕ್ಕೆ ಉತ್ತರ ಕೊಡ್ತೀನಿ ಅಂದಿದ್ದೀನಿ. ಅಷ್ಟರೊಳಗೆ ಏನಾದ್ರೂ ಒಂದು ಆಗ್ಬನ್ನಿ.”

ಅವತ್ತು ಅರ್ಸೇನಿ ಪ್ರೋಖೊರಿಚ್ ಮೊದಲ ಸಲ ಅಡುಗೆಮನೆಯಿಂದ ನೇರ ಮನೆಗೆ ಬಂದ್ರು. ದಾರಿ ತಪ್ಪಲಿಲ್ಲ. ನನಗೆ ಅದೇ ಹೆದರಿಕೆ ಆಯ್ತು.

ಮಾಸ್ಕೋಗೆ ತಂತಿ ಮೇಲೆ ತಂತಿ ಹೊಡೆದೆ. ‘ಕೊಂಬ್ರಿಗ್ ಲಾಪ್ತೆವ್ ಅವರ ಪದವಿ ದಯವಿಟ್ಟು ಬೇಗ ನಿರ್ಧರಿಸಿ’ ಅಂತ. ಉತ್ತರ ಬಂತು: ‘ಕೊಂಬ್ರಿಗ್ ಅನ್ನೋ ಪದವಿ ಇಲ್ಲ. ಈಗ ಇರೋ ಪದವಿ ತಿಳಿಸಿದ್ರೆ ಹೊಸ ಪದವಿ ನಿರ್ಧರಿಸುತ್ತೇವೆ.’ ಅದೇ ಇಲ್ವಲ್ಲ ಸ್ವಾಮೀ, ಅದನ್ನೇ ತಾನೇ ಕೇಳ್ತಾ ಇರೋದು! ಸಿಟ್ಟಿನಲ್ಲಿ ‘ಬೆಸ ದಿನ ಜನರಲ್, ಸಮ ದಿನ ಕರ್ನಲ್’ ಅಂತ ಕಳಿಸಿಬಿಟ್ಟೆ. ಅದಕ್ಕೆ ಉತ್ತರ: ‘ಇಬ್ಬರು ಲಾಪ್ತೆವ್‌ಗಳ ಕಡತ ಬೇರೆ ಬೇರೆ ಕಳಿಸಿ.’

ಇದರ ಮಧ್ಯೆ ಮಾರ್ಚ್ ಮೂವತ್ತೊಂದು ಬಂತು. ಮಾರನೇ ದಿನ ಏಪ್ರಿಲ್ ಒಂದು. ಎರಡೂ ಬೆಸ! ಪೆರೆಪಿಚ್ಕಾ ಕಚೇರಿಗೆ ನುಗ್ಗಿ ಮೇಜು ಕುಟ್ಟಿದ್ರು.

“ಎರಡು ದಿನ ಸತತವಾಗಿ ಜನರಲ್! ಇದು ಬಡ್ತಿ ಅಲ್ದೆ ಇನ್ನೇನು? ಯಾರ ಅಪ್ಪಣೆ?”

“ಕ್ಯಾಲೆಂಡರಿನ ಅಪ್ಪಣೆ,” ಅಂದೆ ನಾನು.

“ಹಾಗಾದ್ರೆ ಕ್ಯಾಲೆಂಡರಿನ ಮೇಲೆ ದೂರು ಬರ್ಕೋ!”

ಬರ್ಕೊಂಡೆ. ನನಗೇನು, ಟೈಪು ಹೊಡೆಯೋಳು.

ಏಪ್ರಿಲ್ ಕೊನೇ ವಾರ. ಪೆರೆಪಿಚ್ಕಾ ಹೊಸ ಬೂಟಿಗೆ ಪಾಲಿಶ್ ಹಾಕಿಸಿ, ಜಾಮಿನ ಜಾಡಿ ಹಿಡ್ಕೊಂಡು ದಿನಾ ಅಡುಗೆಮನೆ ಬಾಗಿಲಲ್ಲಿ. ಅರ್ಸೇನಿ ಪ್ರೋಖೊರಿಚ್ ಸ್ಟೂಲಿಗೆ ಬರೋದೇ ಬಿಟ್ರು. “ತಾತ್ಕಾಲಿಕ ಮನುಷ್ಯ ಖಾಯಂ ಸ್ಟೂಲಿನ ಮೇಲೆ ಕೂರ್ಬಾರ್ದು,” ಅಂತ ಒಣ ಬ್ರೆಡ್ಡು ತಿನ್ಕೊಂಡು ಕೋಣೆಯಲ್ಲೇ ಇದ್ರು. ಅಗಾಫ್ಯಾ ಅಜ್ಜಿ ಕೂಡ ನಕ್ಷತ್ರ ಎಣಿಸೋದು ಬಿಟ್ಟು ಬೆಸ, ಸಮ ಎರಡೂ ದಿನ ಆಲೂಗಡ್ಡೆ ಕೊಡೋಕೆ ಶುರು ಮಾಡಿದ್ರು.

ಇಪ್ಪತ್ತೆಂಟಕ್ಕೆ ಒಂದು ತಪಾಸಣೆ ತಂಡ ಬಂತು. ಮಾಸ್ಕೋದವರು ಅಲ್ಲ, ನಮ್ಮ ಪ್ರಾಂತ್ಯದವರೇ. ನಾವು ಓಡಿ ಹೋಗಿ, “ಲಾಪ್ತೆವ್ ವಿಷಯ ನೋಡಿ,” ಅಂತ ಕೇಳ್ಕೊಂಡ್ವಿ. “ಅದು ನಮಗೆ ಬರಲ್ಲ,” ಅಂದ್ರು. ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರೂ ಕೊಟ್ಟಿಲ್ಲ. ಅವರು ಬಂದಿದ್ದು ಅಡುಗೆಯವರ ಲೆಕ್ಕಕ್ಕೆ. ಸೈನಿಕ ಶಾಲೆಗಳ ಅಡುಗೆಯವರನ್ನೂ ಇನ್ನು ಮೇಲೆ ಸೇನೆಗೆ ಸೇರಿಸ್ಬೇಕಂತೆ. ತಂಡದ ಹಿರಿಯರು ಸೂಪು ರುಚಿ ನೋಡಿದ್ರು. ಇನ್ನೊಂದು ಬಟ್ಟಲು ಕೇಳಿದ್ರು. ಮೂರನೇ ಬಟ್ಟಲು ಮುಗಿಸಿ ಮೀಸೆ ಒರೆಸ್ಕೊಂಡು, “ಸಾರ್ಜೆಂಟ್,” ಅಂದ್ರು. ಅಷ್ಟೇ! ಸಂಜೆಗೆ ಭುಜಪಟ್ಟಿ ಬಂತು. ತಂದು ಕೊಟ್ಟೋರು ಪೆರೆಪಿಚ್ಕಾನೇ, ಮೇಲೊಂದು ಜಾಮಿನ ಜಾಡಿ ಇಟ್ಟು. ಎರಡನ್ನೂ ಪೆಲಾಗೇಯಾ ಯೆಗೊರೊವ್ನಾ ನೋಡಿದ್ರು. ಪಟ್ಟಿ ತಗೊಂಡ್ರು, ಜಾಡಿ ವಾಪಸ್ ಕೊಟ್ರು.

“ಇದು ಖಾಯಮ್ಮಾ?” ಅಂತ ಪಟ್ಟಿ ತೋರಿಸಿ ಕೇಳಿದ್ರು.

“ನೂರಕ್ಕೆ ನೂರು ಖಾಯಂ!” ಅಂದ್ರು ಪೆರೆಪಿಚ್ಕಾ, ಪಾಪ, ಬಹಳ ಹೆಮ್ಮೆಯಿಂದ.

ಅಂದೇ ಆಕೆ ನಮ್ಮ ಮನೆಗೆ ಬಂದ್ರು. ಭುಜದ ಮೇಲೆ ಸಾರ್ಜೆಂಟಿನ ಕೆಂಪು ಗೆರೆಗಳು. ಕೊನೇ ಕೋಣೆಯ ಬಾಗಿಲು ತಟ್ಟಲೇ ಇಲ್ಲ, ತಳ್ಳಿದ್ರು. ಅರ್ಸೇನಿ ಪ್ರೋಖೊರಿಚ್ ಕೈಯಲ್ಲಿ ಒಣ ಬ್ರೆಡ್ಡು ಹಿಡ್ಕೊಂಡು ಗಾಬರಿಯಿಂದ ಎದ್ದು ನಿಂತ್ರು.

“ನಿಮಗೆ... ಒಂದೇ ದಿನದಲ್ಲಿ ಕೊಟ್ರಾ?”

“ಮೂರು ಬಟ್ಟಲು ಸೂಪಿನಲ್ಲಿ. ಈಗ ಕೇಳಿ. ನಾನು ಯೋಚನೆ ಮಾಡಿದೆ. ಒಂದು ಮನೆಯಲ್ಲಿ ಇಬ್ಬರೂ ಖಾಯಂ ಇರ್ಲೇಬೇಕು ಅಂತ ಎಲ್ಲೂ ಇಲ್ಲ. ಒಬ್ಬರು ಇದ್ರೆ ಸಾಕು. ನಾನಿದ್ದೀನಿ. ನೀವು ನಿಮ್ಮ ತಾರೀಖಿನ ಪ್ರಕಾರ ಏನು ಬೇಕಾದ್ರೂ ಆಗಿ.”

“ಆದ್ರೆ ಪರದೆ...”

“ಹೊಲಿಸಾಯ್ತು.”

ಅಗಾಫ್ಯಾ ಅಜ್ಜಿ ಬಾಗಿಲ ಸಂದಿಯಿಂದ ನೋಡ್ತಾ ಅತ್ರು. ನಾನೂ ಅದೇ ಸಂದಿಯಲ್ಲಿದ್ದೆ, ಹಾಗಾಗಿ ಗೊತ್ತು.

ಏಪ್ರಿಲ್ ಮೂವತ್ತಕ್ಕೆ ಮದುವೆ ನೋಂದಣಿ. ಅಲ್ಲಿನ ಗುಮಾಸ್ತೆ ಕನ್ನಡಕ ಏರಿಸಿ ಕೇಳಿದ್ಲು: “ವಧುವಿನ ಪದವಿ?”

“ಸಾರ್ಜೆಂಟ್.”

“ವರನ ಪದವಿ?”

ಅರ್ಸೇನಿ ಪ್ರೋಖೊರಿಚ್ ಶುರು ಮಾಡಿದ್ರು: “ನೋಡಿ, ಮೂವತ್ತೈದನೇ ಇಸವಿಯಲ್ಲಿ...”

“ಗಂಡ ಅಂತ ಬರ್ಕೊಳ್ಳಮ್ಮ,” ಅಂದ್ರು ಪೆಲಾಗೇಯಾ ಯೆಗೊರೊವ್ನಾ. “ಪಕ್ಕದಲ್ಲಿ ಖಾಯಂ ಅಂತ ಹಾಕು.”

ಮಾರನೇ ದಿನ ಮೇ ಒಂದು. ಪರೇಡು ಮುಗಿಸಿ ಕರ್ನಲ್‌ಗಳ ಊಟದ ಮನೆಯಲ್ಲೇ ಮದುವೆ ಊಟ. ಜನರಲ್ ಝಸಿಪ್ಕಿನ್ ಕೂಡ ಬಂದ್ರು. ಗೋಡೆ ನೋಡ್ಕೊಂಡು ಒಬ್ಬರೇ ಉಣ್ಣೋದು ಅವರಿಗೂ ಸಾಕಾಗಿತ್ತು ಅಂತ ಕಾಣುತ್ತೆ. ಪೆರೆಪಿಚ್ಕಾ ಆ ಜಾಮಿನ ಜಾಡಿ ತಂದು ಸಿಟ್ಟಿನಲ್ಲೇ ಮೇಜಿನ ಮೇಲೆ ಕುಕ್ಕಿದ್ರು. ಬೆಸ ತಾರೀಖು, ಹಾಗಾಗಿ ಮದುಮಗ ಜನರಲ್. ಅವರು ಒಳಗೆ ಬಂದ್ರು. ಎಲ್ಲರೂ ದಡಬಡ ಎದ್ದು ನಿಂತ್ರು. ಝಸಿಪ್ಕಿನ್ ಮಾತ್ರ ಎದ್ದೇಳೋದಾ ಬೇಡ್ವಾ ಗೊತ್ತಾಗದೆ ಅರ್ಧಕ್ಕೆ ಎದ್ದು, ಮೊಣಕಾಲು ಬಗ್ಗಿಸ್ಕೊಂಡು ಹಾಗೇ ನಿಂತ್ರು. ಸೂಪಿನ ಬಟ್ಟಲುಗಳಿಂದ ಹಬೆ ಏಳ್ತಾ ಇತ್ತು. ಅರ್ಸೇನಿ ಪ್ರೋಖೊರಿಚ್ ಕಿಟಕಿಯಾಚೆ ನದಿಯಲ್ಲಿ ಮಂಜುಗಡ್ಡೆ ಒಡೀತಾ ಇರೋದನ್ನ ನೋಡ್ತಾ ನಿಂತುಬಿಟ್ರು. ಹಬೆ ಕಡಿಮೆ ಆಯ್ತು. ಪೆರೆಪಿಚ್ಕಾ ಕಣ್ಣಲ್ಲಿ ನೀರು ಬಂತು.

ಆಗ ಅಡುಗೆಮನೆ ಬಾಗಿಲು ತೆರೀತು. ಮದುಮಗಳು, ಸೌಟು, ಸಾರ್ಜೆಂಟಿನ ಪಟ್ಟಿ.

“ಏನ್ರೋ ಇದು, ಎಲ್ಲಾ ನಿಂತಿದ್ದೀರಿ! ಕೂತ್ಕೊಳ್ಳಿ! ಸೂಪ್ ಆರ್ತಾ ಇದೆ!”

ಸಾರ್ಜೆಂಟು ಜನರಲ್‌ಗೆ ಆಜ್ಞೆ ಕೊಡೋ ಹಾಗಿಲ್ಲ, ನಿಯಮಾವಳಿಯನ್ನ ನಾನೇ ಎಷ್ಟು ಸಲ ಟೈಪ್ ಮಾಡಿದ್ದೀನಿ. ಆದ್ರೆ ಒಂದೇ ಸದ್ದಿಗೆ ಅಷ್ಟೂ ಜನ ಕೂತ್ರು. ಎಲ್ಲರಿಗಿಂತ ಮೊದಲು ಝಸಿಪ್ಕಿನ್.

ಅರ್ಸೇನಿ ಪ್ರೋಖೊರಿಚ್ ಮಾತ್ರ ಇನ್ನೂ ನಿಂತೇ ಇದ್ರು. ಸುತ್ತ ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ್ರು: “ಝೀನಾ, ನಾನು ಇವತ್ತು ಯಾರು? ಎಲ್ಲಿ ಕೂರ್ಲಿ?”

ನಾನು ಬಾಯಿ ತೆರೆಯೋದ್ರೊಳಗೆ ಪೆಲಾಗೇಯಾ ಯೆಗೊರೊವ್ನಾ ಒಳಗಿಂದ ಆ ಹಳೇ ಸ್ಟೂಲು ತಂದು ತನ್ನ ಕುರ್ಚಿ ಪಕ್ಕದಲ್ಲಿ ಇಟ್ಟಿದ್ರು.